ಬೋಗುಣಿ ಮುಚ್ಚಿದ ವೈಫೈ

ತನ್ನ ಮನೆಯಲ್ಲಿ ತಾನೇ ಕಳ್ಳಿಯಂತೆ ಓಡಾಡಬೇಕಾಗಿ ಬಂದದ್ದಕ್ಕೆ ಶಿವಲೀಲಾ ಯಾರನ್ನು ದೂರಬೇಕು? ಏನಾದರೂ ಕದಿಯುವಂತಿದ್ದರೆ ಆ ಕೆಲಸಕ್ಕೂ ಒಂದು ಗೌರವ ಇರುತ್ತಿತ್ತು. ಅವಳು ದಿನಾ ಬೆಳಗಿನ ಜಾವ ಎದ್ದು, ಗಂಡನ ಗೊರಕೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ, ಅಡುಗೆಮನೆಯ ಶೆಲ್ಫಿನಲ್ಲಿ ಹಸಿರು ಕಣ್ಣು ಬಿಟ್ಟುಕೊಂಡು ಕೂತಿದ್ದ ಬಿಳಿ ಡಬ್ಬಿಯೊಂದರ ಮೇಲೆ ದೊಡ್ಡ ಅಲ್ಯುಮಿನಿಯಂ ಬೋಗುಣಿಯನ್ನು ಬೋರಲು ಹಾಕುತ್ತಿದ್ದಳು. ಅಷ್ಟೇ ಅಪರಾಧ. ಆಮೇಲೆ ಒಲೆಯ ಮೇಲೆ ಹಂಚಿಟ್ಟು ರೊಟ್ಟಿಗೆ ಕೂರುತ್ತಿದ್ದಳು.

ಬೋಗುಣಿ ಬಿದ್ದ ಸ್ವಲ್ಪ ಹೊತ್ತಿಗೆ ಹಿತ್ತಲಿನ ಕ್ಯಾಮರಾ ಕುರುಡಾಗುತ್ತಿತ್ತು. ಮಲಗುವ ಕೋಣೆಯಲ್ಲಿ ಗಂಡನ ಫೋನು ‘ಟಿಣ್’ ಎನ್ನುತ್ತಿತ್ತು. ಗೊರಕೆ ನಿಲ್ಲುತ್ತಿತ್ತು. ಆಮೇಲೆ ದಿನಾ ಅದೇ ಆರ್ತನಾದ.

“ಲೇ ಶಿವಲೀಲಾ! ಮತ್ತ ಹೋತು ನೋಡು ಹಿಂದಿನ ಕ್ಯಾಮರಾ!”

“ಹೋಗ್ಲಿ ಬಿಡ್ರಿ, ಬರ್ತೈತಿ. ಅದೇನು ತವರುಮನಿಗೆ ಹೋಗೈತೇನು?”

ಗಂಡನ ಹೆಸರು ಕ್ರಾಂತಿಕುಮಾರ್. ತಂದೆ ದುರುಗಪ್ಪ ಹೋರಾಟದ ದಿನಗಳಲ್ಲಿ ಮಗನಿಗೆ ಆ ಹೆಸರಿಟ್ಟು, ದೇಶದಲ್ಲಿ ಅದು ಆಗುವ ಮೊದಲೇ ತೀರಿಕೊಂಡಿದ್ದರು. ಮಗ ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕನಾದ. ಸಮಾನತೆಯ ಬಗ್ಗೆ ತರಗತಿಯಲ್ಲಿ ಹೇಳಿದ್ದು ಸಾಲದೆ ಮನೆಗೆ ಬಂದು ಹೆಂಡತಿಗೂ ಹೇಳುತ್ತಿದ್ದ. (ಆ ಹೊತ್ತಿಗೆ ಹೆಂಡತಿ ಕಚೇರಿಯಿಂದ ಬಂದು, ಅವನಿಗೆ ಚಹಾ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದಳು.)

ಕೊಟ್ಟೂರಿನ ಹೊಸ ಬಡಾವಣೆಯಲ್ಲಿ ಅವರು ಮನೆ ಕಟ್ಟಿಸಿದ್ದರು. ಬುದ್ಧವಂದನೆ ಮಾಡಿ ಮನೆ ತೆರೆದ ದಿನ ಇಡೀ ಬಡಾವಣೆಯನ್ನು ಊಟಕ್ಕೆ ಕರೆದಿದ್ದರು. ಇಡೀ ಬಡಾವಣೆ ಬಂದಿತ್ತು. ಉಡುಗೊರೆ ಕೊಟ್ಟಿತ್ತು, ಟೈಲ್ಸು ಮುಟ್ಟಿ ನೋಡಿತ್ತು, ನಲ್ಲಿ ತಿರುಗಿಸಿ ನೋಡಿತ್ತು. ಎಲೆ ಹಾಕುತ್ತೇವೆ ಎಂದಾಗ ಮಾತ್ರ ಬಡಾವಣೆಯ ಸಮಸ್ತ ನಾಗರಿಕರೂ ಈಗಷ್ಟೇ ಉಂಡು ಬಂದವರಾಗಿದ್ದರು. ಕೆಲವರಿಗೆ ಉಪವಾಸ, ಕೆಲವರಿಗೆ ಅಂದೇ ಎದೆಯುರಿ. ಒಂದೇ ದಿನ, ಒಂದೇ ಹೊತ್ತಿಗೆ ಅಷ್ಟು ಮಂದಿಯ ಹೊಟ್ಟೆ ಒಗ್ಗಟ್ಟಾಗಿ ತುಂಬಿದ್ದು ವೈದ್ಯಶಾಸ್ತ್ರ ಗಮನಿಸಬೇಕಾದ ಸಂಗತಿ. ಉಳಿದ ಹೋಳಿಗೆಯನ್ನು ತಾವು ಬಿಟ್ಟು ಬಂದ ಹಳೆಯ ಕೇರಿಗೆ ಕಳಿಸಿದರು. ಅಲ್ಲಿ ಯಾರಿಗೂ ಎದೆಯುರಿ ಇರಲಿಲ್ಲ.

ಇದೆಲ್ಲ ಹೆಚ್ಚು ಬಡಿದದ್ದು ಕ್ರಾಂತಿಯ ತಾಯಿ ಪಕ್ಕೀರಮ್ಮನಿಗೆ. ಕೇರಿಯಲ್ಲಿ ಅವಳ ಕಟ್ಟೆಗೆ ಹೊತ್ತು ಮೂಡುವ ಮುಂಚೆಯೇ ನಾಲ್ಕು ಮಂದಿ ಬಂದು ಕೂರುತ್ತಿದ್ದರು. ಇಲ್ಲಿ ಹಿತ್ತಲಲ್ಲಿ ಅವಳೊಬ್ಬಳೇ. ಮೊದಲು ಗೋಡೆಗೆ ಮಾತಾಡಿದಳು. ಆಮೇಲೆ ವಾಷಿಂಗ್ ಮಷೀನಿಗೆ. ಅದು ನಡುವೆ ಗುರುಗುಟ್ಟುತ್ತಿದ್ದರಿಂದ ಗೋಡೆಗಿಂತ ಮೇಲೆನಿಸಿತ್ತು. “ನನ್ನ ಕೇರಿಗೆ ಬಿಟ್ಟು ಬಾರಪಾ, ಇಲ್ಲಿ ಸತ್ರ ಹೊರಾಕೂ ಈಗಷ್ಟೇ ಹೊತ್ತು ಬಂದೀವಿ ಅಂತಾರ” ಎಂದು ಮಗನಿಗೆ ಗಂಟುಬಿದ್ದಿದ್ದಳು.

ಹೀಗಿರುವಾಗ ಒಂದು ಬೆಳಗಿನ ಜಾವ ಹಿತ್ತಲ ಬಾಗಿಲ ಹತ್ತಿರ ಮರುಳಸಿದ್ದಮ್ಮ ನಿಂತಿದ್ದಳು.

ಮರುಳಸಿದ್ದಮ್ಮನದು ಹಿಂದಿನ ಸಾಲಿನ ಮನೆ. ಎರಡು ಸಾಲಿನ ನಡುವೆ ಒಂದು ಚರಂಡಿಯ ಸಂದಿ, ಅಷ್ಟೇ. ಅವಳ ಮಗ ಪಾಲಾಕ್ಷಪ್ಪ ಬೀಜ-ಗೊಬ್ಬರದ ಅಂಗಡಿಯವನು, ಬಡಾವಣೆ ಸಂಘದ ಅಧ್ಯಕ್ಷ, ಮನೆ ತೆರೆದ ದಿನ ಎಲ್ಲರಿಗಿಂತ ಮುಂಚೆ ಎದೆಯುರಿ ಬಂದವನು. ಮುದುಕಿಗೆ ಸಕ್ಕರೆ ಕಾಯಿಲೆ. ಸೊಸೆ ಕೀರ್ತನಾ ಡಾಕ್ಟರು ಹೇಳಿದರೆಂದು ಮೂರು ಹೊತ್ತೂ ಓಟ್ಸ್ ಗಂಜಿ ಹಾಕುತ್ತಿದ್ದಳು. ಆ ಗಂಜಿ ತಿಂದು ಕೂತಿದ್ದ ಜೀವಕ್ಕೆ ಸಂದಿಯಾಚೆಯಿಂದ ದಿನಾ ಹಂಚಿನ ಮೇಲೆ ಉಬ್ಬುವ ರೊಟ್ಟಿಯ ವಾಸನೆ ಬರುತ್ತಿತ್ತು. ಎಷ್ಟು ದಿನ ತಡೆದೀತು? ದಾಸವಾಳ ಬಿಡಿಸಿಕೊಳ್ಳುವ ನೆವದಲ್ಲಿ ಬಂದಳು. ಪಕ್ಕೀರಮ್ಮ ಅನುಮಾನದಿಂದಲೇ ಒಂದು ರೊಟ್ಟಿ ಮುಂದೆ ಹಿಡಿದಳು. ಮರುಳಸಿದ್ದಮ್ಮ ಅದನ್ನು ಚಹಾದಲ್ಲಿ ಅದ್ದಿ, ಹಲ್ಲಿಲ್ಲದ ಬಾಯಲ್ಲಿ ಸಾವಕಾಶ ತಿಂದು, ಹೂವು ಮರೆತು ಹೋದಳು.

ಈ ಮರುಳಸಿದ್ದಮ್ಮನ ಹೊಲದಲ್ಲೇ ಪಕ್ಕೀರಮ್ಮ ಹರೆಯದಲ್ಲಿ ಕಳೆ ತೆಗೆದಿದ್ದಳು. ಆಗ ಕೈಗೆ ಕೈ ತಾಗದಂತೆ ಎತ್ತರದಿಂದ ರೊಟ್ಟಿ ಬೀಳುತ್ತಿತ್ತು. ಈಗ ಅದೇ ಕೈ ಕೆಳಗೆ ಚಾಚಿತ್ತು. ಪಕ್ಕೀರಮ್ಮ ಅದನ್ನು ಎತ್ತಿ ಆಡಲಿಲ್ಲ. ಒಂದು ವಾರ ‘ಅವ್ವಾರೆ’ ಎಂದಳು, ಆಮೇಲೆ ‘ಮರುಳಸಿದ್ದವ್ವ’, ಆಮೇಲೆ ಬರೀ ‘ಮರುಳಸಿದ್ದಿ’. ಕೇರಿಗೆ ಬಿಟ್ಟು ಬಾ ಎನ್ನುವ ಮಾತು ಅಲ್ಲಿಗೆ ನಿಂತಿತು. ವಾಷಿಂಗ್ ಮಷೀನಿನ ಜೊತೆಗಿನ ಸಂಬಂಧವೂ ಬಟ್ಟೆಗಷ್ಟೇ ಸೀಮಿತವಾಯಿತು.

“ನಮ್ ಹುಡುಗಗ ಗೊತ್ತಾತಂದ್ರ ಮತ್ತ ಈ ಸಂದಿ ದಾಟಂಗಿಲ್ಲ ನೋಡವಾ ನಾ,” ಎಂದು ಮರುಳಸಿದ್ದಮ್ಮ ಶಿವಲೀಲಾಳ ಎದುರೇ ಹೇಳಿದ್ದಳು. ಶಿವಲೀಲಾ ಮಾತು ಕೊಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಸಿಟ್ಟಾಗುತ್ತಿರಲಿಲ್ಲ, ಖುಷಿಯಾಗುತ್ತಿದ್ದ. ಅದೇ ಅವಳ ಭಯ. ಖುಷಿಯಾದರೆ ಎರಡೂ ಮುದುಕಿಯರನ್ನು ನಿಲ್ಲಿಸಿ ಫೋಟೋ ತೆಗೆದು, ‘ನಮ್ಮ ಹಿತ್ತಲಲ್ಲಿ ಸಹಭೋಜನ’ ಎಂದು ಫೇಸ್‌ಬುಕ್ಕಿಗೆ ಹಾಕುತ್ತಿದ್ದ. ನೂರು ಲೈಕು ಬರುತ್ತಿತ್ತು. ಮರುಳಸಿದ್ದಮ್ಮ ಬರುತ್ತಿರಲಿಲ್ಲ.

ಎಲ್ಲ ಸುಖವಾಗಿದ್ದಾಗಲೇ ಬಡಾವಣೆಯ ಕೊನೆಯ ಮನೆಯ ನೀರಿನ ಮೋಟಾರು ಕಳುವಾಯಿತು. ಸಂಘ ಸಭೆ ಸೇರಿ, ಮನೆಮನೆಗೂ ಕ್ಯಾಮರಾ ಎಂದು ಠರಾವು ಮಾಡಿತು. ಉಳಿದವರು ಇನ್ನೂ ಯೋಚಿಸುತ್ತಿರುವಾಗಲೇ ಕ್ರಾಂತಿ ನಾಲ್ಕು ಕ್ಯಾಮರಾ ತಂದ. ನಾಲ್ಕನ್ನೂ ನಡೆಸಲು ಮೆಶ್ ವೈಫೈ ಎಂಬ ಮೂರು ಬಿಳಿ ಡಬ್ಬಿಗಳನ್ನೂ ತಂದ. ಒಂದು ಹಾಲಿನಲ್ಲಿ, ಒಂದು ಮೆಟ್ಟಿಲ ಹತ್ತಿರ, ಒಂದು ಅಡುಗೆಮನೆಯಲ್ಲಿ. ಹಿತ್ತಲ ಬಾಗಿಲ ನೆತ್ತಿಯ ಮೇಲಿನ ಕ್ಯಾಮರಾಗೆ ಅಡುಗೆಮನೆಯ ಡಬ್ಬಿಯೇ ಪ್ರಾಣ.

“ಒಂದ ರೂಟರ್ ಅಂದ್ರ ರಾಜಪ್ರಭುತ್ವ ಲೇ,” ಎಂದು ಅವನು ಉಪನ್ಯಾಸ ಆರಂಭಿಸಿದ್ದ. “ಎಲ್ಲಾರೂ ಅದರ ಹತ್ರಾನ ಕೈ ಚಾಚ್ಬೇಕು. ಮೆಶ್ ಅಂದ್ರ ಪ್ರಜಾಪ್ರಭುತ್ವ. ಮೀನು ಹಿಡಿಯೋ ಬಲಿ ಹೆಣೆದಂಗ ಒಂದಕ್ಕೊಂದು ಕೈ ಹಿಡಕೊಂಡಿರ್ತಾವು. ಮೂರೂ ಡಬ್ಬಿ ಸಮಾನ.”

“ಹಂಗಾದ್ರ ಕಟ್ಟಕಡಿ ಡಬ್ಬಿಗೆ ಯಾಕ ಯಾವಾಗ್ಲೂ ಸಿಗ್ನಲ್ ಕಡಿಮಿ?” ಎಂದಳು ಶಿವಲೀಲಾ.

ರಾಜ್ಯಶಾಸ್ತ್ರ ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದೆ.

ಬೋಗುಣಿಯ ಮಹಿಮೆ ಗೊತ್ತಾದದ್ದು ಆಕಸ್ಮಿಕ. ತೊಳೆದ ಬೋಗುಣಿಯನ್ನು ನೀರು ಬಸಿಯಲೆಂದು ಒಂದು ದಿನ ಡಬ್ಬಿಯ ಮೇಲೆ ಬೋರಲಿಟ್ಟಿದ್ದಳು. ಹಾಲಿನಲ್ಲಿ ಗಂಡ “ಹಿಂದಿಂದು ಹೋತು!” ಎಂದು ಚೀರಿದ. ಬೋಗುಣಿ ತೆಗೆದಳು. “ಬಂತು!” ಎಂದ. ಮತ್ತೆ ಇಟ್ಟಳು. “ಹೋತು!” ಮದುವೆಯಾದಾಗಿನಿಂದ ಗಂಡ ತನ್ನ ಕೈಯಳತೆಗೆ ಅಷ್ಟು ಸರಿಯಾಗಿ ಕುಣಿದದ್ದು ಅದೇ ಮೊದಲು. ಪ್ಲಗ್ಗೇ ಕಿತ್ತರೆ ಯಾವ ಡಬ್ಬಿ ಸತ್ತಿದೆ ಎಂದು ಆ್ಯಪು ಹೆಸರು ಹಿಡಿದು ಹೇಳಿಬಿಡುತ್ತಿತ್ತು. ಬೋಗುಣಿ ಮುಚ್ಚಿದರೆ ‘ಸಂಪರ್ಕ ದುರ್ಬಲ’ ಎಂದು ಗೊಣಗಿ ಸುಮ್ಮನಾಗುತ್ತಿತ್ತು. ಅದರಲ್ಲಿ ಯಾರ ಮೇಲೂ ಗುಮಾನಿ ಬರುವಂಥದ್ದೇನೂ ಇರಲಿಲ್ಲ. ಮರುಳಸಿದ್ದಮ್ಮ ವಾಪಸು ಹೋದೊಡನೆ ಬೋಗುಣಿ ಮತ್ತೆ ಪಾತ್ರೆಗಳ ಸಾಲಿಗೆ ಸೇರುತ್ತಿತ್ತು.

ಕ್ರಾಂತಿಯ ದುರಸ್ತಿ ಪರ್ವ ಶುರುವಾಯಿತು. ಡಬ್ಬಿಗಳನ್ನು ಆರಿಸಿ ಹಚ್ಚಿದ. ಕ್ಯಾಮರಾವನ್ನು ಅಳಿಸಿ ಮತ್ತೆ ಸೇರಿಸಿದ. ಕ್ಯಾಮರಾಗಳಿಗೆಂದೇ ಬೇರೆ ಹೆಸರಿನ ನೆಟ್‌ವರ್ಕ್ ಮಾಡಿದ. (ಅದರ ಪಾಸ್‌ವರ್ಡ್ ‘ಸಮಾನತೆ’. ಹೆಂಡತಿಗೆ ಹೇಳಿರಲಿಲ್ಲ.) ವೈಫೈನ ವೇಗದ ಅಲೆ ಬಿಟ್ಟು ದೂರ ಹೋಗುವ ಅಲೆಗೆ ಕಟ್ಟಿದ. ಡಬ್ಬಿಯನ್ನು ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ ಸರಿಸಿದ. ಅವಳೂ ಬೋಗುಣಿಯನ್ನು ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ ಸರಿಸಿದಳು.

“ಬೆಳಿಗ್ಗಿ ಬೆಳಿಗ್ಗಿನ ಯಾಕ ಹೋಗ್ತೈತಿ? ಹಗಲೆಲ್ಲ ಚಲೋ ಇರ್ತೈತಿ!”

“ತಂಪಿಗೆ ಇರಬೌದು. ನಿಮ್ಮವ್ವನ ಮೊಣಕಾಲೂ ಬೆಳಿಗ್ಗಿನ ಹಿಡ್ಕಂತಾವು.”

“ಇದು ವಿಜ್ಞಾನ ಲೇ, ಮೊಣಕಾಲಲ್ಲ!”

“ನಂಗೇನು ಗೊತ್ರೀ, ನಾ ರೊಟ್ಟಿ ಬಡಿಯಾಕಿ.”

ಇಂಟರ್‌ನೆಟ್ಟಿನ ಅರುಣಕುಮಾರ್ ಬಂದ. ಡಬ್ಬಿ ನೋಡಿ, ಆಕಾಶ ನೋಡಿ, “ಸರ್, ಮ್ಯಾಲಿಂದಾನ ಪ್ರಾಬ್ಲಮ್ ಐತ್ರಿ” ಎಂದು ಹೋದ. ದೇವರನ್ನು ನಂಬದ ಮನೆಯಲ್ಲಿ ಆ ಮಾತು ನಡೆಯಲಿಲ್ಲ.

ಕೊನೆಗೊಂದು ಶನಿವಾರ, ಶಿವಲೀಲಾ ತಾಲ್ಲೂಕು ಕಚೇರಿಯಲ್ಲಿ ಫೈಲುಗಳ ನಡುವೆ ಇದ್ದ ಹೊತ್ತಿನಲ್ಲಿ, ಕ್ರಾಂತಿ ಗಾಳಿಯ ಸಹವಾಸವನ್ನೇ ಬಿಟ್ಟ. ಹಾಲಿನ ಡಬ್ಬಿಯಿಂದ ಹಿತ್ತಲ ಕ್ಯಾಮರಾದವರೆಗೆ, ಅಟ್ಟದ ಮೇಲಿಂದ ನೇರ ಒಂದು ವೈರು ಎಳೆದ. ಹೆಂಡತಿಗೆ ಹೇಳಲಿಲ್ಲ. ಗೆದ್ದ ಮೇಲೆ ಹೇಳೋಣವೆಂದು.

ಭಾನುವಾರ ಬೆಳಿಗ್ಗೆ ಅವನು ಎಂದೂ ಇಲ್ಲದ ಉಮೇದಿನಲ್ಲಿ ವಾಕಿಂಗ್ ಹೋದ. ಬರುವಾಗ ಅಧ್ಯಕ್ಷ ಪಾಲಾಕ್ಷಪ್ಪನನ್ನೂ ಸಂಘದ ಖಜಾಂಚಿ, ಕಂಟ್ರಾಕ್ಟರ್ ಗುರುಬಸವರಾಜನನ್ನೂ ದಾರಿಯಲ್ಲಿ ಹಿಡಿದು ಕರೆತಂದ. “ಬರ್ರಿ, ಐದ ನಿಮಿಷ. ಇಡೀ ಬಡಾವಣಿಗೆ ಇದ ಸೆಟ್ ತರಿಸಬೌದು, ನೋಡ್ರಿ ಬರ್ರಿ.” ಅತ್ತ ಮರುಳಸಿದ್ದಮ್ಮ, ಮಗ ವಾಕಿಂಗಿಗೆ ಹೋದನೆಂದು ನಿಶ್ಚಿಂತೆಯಿಂದ ಸಂದಿ ದಾಟಿ ಬಂದು ಪಕ್ಕೀರಮ್ಮನ ಪಕ್ಕ ಕೂತಿದ್ದಳು.

ಗೇಟಿನ ಸದ್ದು ಕೇಳಿ ಶಿವಲೀಲಾ ಅಡುಗೆಮನೆಗೆ ಹೋಗಿ ನೋಡಿದಳು. ಬೋಗುಣಿ ತನ್ನ ಜಾಗದಲ್ಲಿತ್ತು. ನೆಮ್ಮದಿಯಾಗಿ ಹಾಲಿಗೆ ಬಂದು, “ಚಾ ಕುಡೀತೀರೇನ್ರಿ?” ಎಂದಳು.

“ಈಗಷ್ಟ ಆತವ್ವ,” ಎಂದ ಪಾಲಾಕ್ಷಪ್ಪ.

ಕ್ರಾಂತಿ ಟಿವಿ ಹಚ್ಚಿದ. ಮುಂಬಾಗಿಲು ಬಂತು. ಮೆಟ್ಟಿಲು ಬಂತು. “ಈಗ ಹಿತ್ತಲ,” ಎಂದು ಜಾದೂಗಾರನ ಗತ್ತಿನಲ್ಲಿ ಗುಂಡಿ ಒತ್ತಿದ. ಶಿವಲೀಲಾ ಒಳಗೊಳಗೇ ನಕ್ಕಳು. ಮರುಕ್ಷಣ ಗೋಡೆಯಗಲದ ಟಿವಿಯಲ್ಲಿ ಅವಳ ಹಿತ್ತಲು, ನೀರಿನ ಮೋಟಾರು, ಸೆರಗು ಹೊದ್ದ ಎರಡು ಬೆನ್ನು, ನಡುವೆ ರೊಟ್ಟಿಯ ಬುಟ್ಟಿ.

ಚಿತ್ರ ಬಂದದ್ದು ಸಾಲದೆಂದು ಧ್ವನಿಯೂ ಬಂತು.

“ಪಕ್ಕೀರಿ, ಇವತ್ತಿನ ರೊಟ್ಟಿ ನೋಡಲೇ. ಬದುವಿಗೆ ಹಾಕಿದ್ರ ಮಳಿ ನೀರು ನಿಂದರ್ತೈತಿ.”

ಪಾಲಾಕ್ಷಪ್ಪ ಕೂತಲ್ಲೇ ನೆಟ್ಟಗಾದ. ಆ ದನಿಯಲ್ಲಿ ಅವನು ಹುಟ್ಟಿದಾಗಿನಿಂದ ಬೈಸಿಕೊಂಡಿದ್ದ.

ಹಿತ್ತಲಿಗೆ ಓಡಿ ಅವರನ್ನು ಎಬ್ಬಿಸೋಣವೆಂದು ಶಿವಲೀಲಾ ಒಂದು ಹೆಜ್ಜೆ ಇಟ್ಟು ಥಟ್ಟನೆ ನಿಂತಳು. ಹೋದರೆ ತಾನೇ ಟಿವಿಯಲ್ಲಿ ಬರುತ್ತಾಳೆ! ಗಂಡನ ಕಡೆ ನೋಡಿದಳು. ಅವನ ಮುಖದಲ್ಲಿ ಮೊದಲು ಬೆರಗು, ಆಮೇಲೆ ಅವಳು ಇಷ್ಟು ದಿನ ಹೆದರಿದ್ದ ಆ ಖುಷಿ ನಿಧಾನ ಉಬ್ಬುತ್ತಿತ್ತು. ‘ಸಹಭೋಜನ’ ಎನ್ನಲು ತುಟಿ ಆಗಲೇ ತೆರೆದಿದ್ದ.

“ಅಯ್ಯ! ಇದ್ಯಾರ ಮನಿದ್ರೀ?” ಎಂದು ಶಿವಲೀಲಾ ಕೂಗಿದಳು.

“ಯಾರ್ದೇನು? ನಮ್ಮ—”

“ನಮ್ದೆಲ್ಲಿ ಐತಿ! ಮೆಶ್ ಅಂದ್ರ ಬಲಿ ಅಂತ ನೀವ ಹೇಳಿರಲ್ಲ. ಯಾರ್ದೋ ಮನಿದು ಬಲಿಗೆ ಬಿದ್ದೈತಿ ನೋಡ್ರಿ!” ಎನ್ನುತ್ತಾ ಗಂಡನ ಕಾಲ್ಬೆರಳನ್ನು ಮೆಟ್ಟಿದಳು.

ಗುರುಬಸವರಾಜ ಗಾಬರಿಯಾದ. “ಅಂದ್ರ ನಮ್ ಮನಿದೂ ಯಾರ್ದೋ ಟಿವ್ಯಾಗ ಬೀಳ್ತೈತೇನ್ರಿ?”

“ಬೀಳ್ತೈತ್ರಿ!” ಎಂದಳು ಶಿವಲೀಲಾ.

ಕ್ರಾಂತಿ ಅತ್ತಿತ್ತ ನೋಡಿದ. ಒಂದು ಕಡೆ ವಾರಗಟ್ಟಲೆ ಬೆವರು ಸುರಿಸಿ ಕೊನೆಗೆ ಎಳೆದ ವೈರಿನ ಮಾನ. ಇನ್ನೊಂದು ಕಡೆ ಪಾಲಾಕ್ಷಪ್ಪನ ಮುಖ. ಆ ಮುಖ ಬಿಳುಚಿಕೊಂಡು ಸುಣ್ಣದಂತಾಗಿತ್ತು. ಕಾಲ್ಬೆರಳ ಮೇಲಿನ ಭಾರ ಇನ್ನೂ ಹೆಚ್ಚಾಯಿತು. ವೇದಿಕೆಗಳಲ್ಲಿ ಎಂದೂ ಮಾತಿಗೆ ತಡವರಿಸದ ಉಪನ್ಯಾಸಕ, “ಹೌದು... ವೈರ್ ಎಲ್ಲೋ ತಪ್ಪಾಗೈತಿ,” ಎಂದ.

“ಹೊಳಲು ಊರ ಕಡಿ ಮನಿ ಇದ್ದಂಗೈತ್ರಿ,” ಎಂದು ಪಾಲಾಕ್ಷಪ್ಪ ತಕ್ಷಣ ಕೈಜೋಡಿಸಿದ. “ಮಾತು ಕೇಳ್ರಿ, ಆ ಕಡೀದ ಅದು.”

“ಹೊಳಲು ಇಲ್ಲಿಂದ ಎಷ್ಟು ದೂರ ಐತಿ!” ಎಂದ ಗುರುಬಸವರಾಜ.

“ವೈಫೈಗೆಲ್ಲಿ ದೂರ್ರೀ,” ಎಂದಳು ಶಿವಲೀಲಾ.

ಅಷ್ಟಕ್ಕೆ ಗೆದ್ದಂತೆ ಆಗುತ್ತಿತ್ತು. ಆದರೆ ಟಿವಿಯಲ್ಲಿ ಪಕ್ಕೀರಮ್ಮ ಬಾಯಿ ತೆರೆದಳು.

“ಸುಮ್ನ ತಿನ್ನಲೇ ಮರುಳ—” (ಇಲ್ಲಿ ಪಾಲಾಕ್ಷಪ್ಪನಿಗೆ ಭೀಕರ ಕೆಮ್ಮು) “—ನಮ್ ಶಿವಲೀಲಾನ ಕೈ ಅಂಥಾದ್ದು. ಆಫೀಸಿನ ಸಿಟ್ಟೆಲ್ಲ ಗಂಡನ ಮ್ಯಾಲ ಹಾಕ್ತಾಳ, ರೊಟ್ಟಿ ಮ್ಯಾಲ ಒಂದು ಏಟು ಹಾಕಂಗಿಲ್ಲ.”

ಗುರುಬಸವರಾಜ ಶಿವಲೀಲಾಳನ್ನು ನೋಡಿದ. “ಅಲ್ಲೂ ಒಬ್ಬಾಕಿ ಶಿವಲೀಲಾ ಅದಾಳಲ್ರೀ!”

“ಭಾಳ ಮಂದಿ ಇರ್ತಾರ್ರಿ,” ಎಂದಳು ಅವಳು, ಹಲ್ಲು ಕಚ್ಚಿ.

“ಇದು ಚಾ ಅಂತೀಯೇನು?” ಮರುಳಸಿದ್ದಮ್ಮನ ದನಿ. “ಹಾಲು ಹಾಕ್ಯಾಳೋ, ಪಾಕೀಟು ತೊಳದ ನೀರು ಹಾಕ್ಯಾಳೋ.”

“ಮಾರಿ ನೋಡ್ಬೇಕು ನೀ, ಬೆಳಿಗ್ಗಿ ಎದ್ದಾಗ. ನಾವು ಕೂತ್ರ ಆಕಿಗೆ ಭಾರ. ರೊಟ್ಟಿ ತಟ್ಟಿ ಒಗದು ಹೋಗ್ತಾಳ.”

ಇವರಿಗಾಗಿ ಸೂರ್ಯನಿಗಿಂತ ಮುಂಚೆ ಎದ್ದು, ಗಂಡನಿಗೆ ಸುಳ್ಳು ಹೇಳಿ, ವಿಜ್ಞಾನಕ್ಕೆ ಬೋಗುಣಿ ಮುಚ್ಚಿದವಳು ಶಿವಲೀಲಾ!

“ಪಾಪ, ಆ ಮುದುಕೇರು,” ಎಂದು ಗುರುಬಸವರಾಜ ಲೊಚಗುಟ್ಟಿದ. “ಆ ಸೊಸಿ ಭಾಳ ಕೆಟ್ಟಾಕಿ ಇರ್ಬೇಕು ನೋಡ್ರಿ.”

ಎಲ್ಲರೂ ಅವಳ ಕಡೆ ತಿರುಗಿದರು. ಹೊಳಲಿನ ಶಿವಲೀಲಾಳ ಬಗ್ಗೆ ಕೊಟ್ಟೂರಿನ ಶಿವಲೀಲಾ ಏನನ್ನುತ್ತಾಳೆ ಎಂಬುದರ ಮೇಲೆ ಈಗ ಎಲ್ಲವೂ ನಿಂತಿತ್ತು.

“ಹೌದ್ರಿ,” ಎಂದಳು. “ಅಂಥಾಕಿ ಇರ್ಬಾರ್ದು ಮನ್ಯಾಗ.”

ಕ್ರಾಂತಿ ಟಿವಿ ಆರಿಸಿದ. ಪಾಲಾಕ್ಷಪ್ಪ ಎದ್ದು, ಯಾರ ಮುಖವನ್ನೂ ನೋಡದೆ, “ಕ್ಯಾಮರಾ ಠರಾವು ಸದ್ಯಕ್ಕ ಬ್ಯಾಡ. ಮಂದಿ ಮನಿ ಮಾನ ಇರ್ತೈತಿ,” ಎಂದ. ಗುರುಬಸವರಾಜ ಅನುಮೋದಿಸಿದ.

ಅವರು ಹೋದ ಮೇಲೆ ಕ್ರಾಂತಿ ಬಹಳ ಹೊತ್ತು ಕಾಲ್ಬೆರಳು ತಿಕ್ಕಿಕೊಂಡ. “ನಂಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಭಾಷಣ ಮಾಡ್ತಿದ್ರಿ.”

ಅವನು ಸ್ಟೂಲು ಹತ್ತಿ ಕ್ಯಾಮರಾದ ವೈರು ಕಿತ್ತು ಸುತ್ತಿಟ್ಟ. ಸಮಾನತೆಯ ವಿಷಯದಲ್ಲಿ ಅವನು ಅಲ್ಲಿಯವರೆಗೆ ಮಾಡಿದ ಕೆಲಸಗಳಲ್ಲಿ ಬಾಯಿ ಮುಚ್ಚಿಕೊಂಡು ಮಾಡಿದ್ದು ಅದೊಂದೇ.

ಶಿವಲೀಲಾಳಿಗೆ ಮಾತ್ರ ಅಷ್ಟೂ ಬೈಗುಳ ಗಂಟಲಲ್ಲೇ ಉಳಿಯಿತು. ಅತ್ತೆಯನ್ನು ಕೇಳುವಂತಿಲ್ಲ. ಕೇಳಿದರೆ ಟಿವಿಯ ವಿಷಯ ಬರುತ್ತದೆ, ಟಿವಿಯ ವಿಷಯ ಬಂದರೆ ಪಾಲಾಕ್ಷಪ್ಪ ನೋಡಿದ ವಿಷಯ ಬರುತ್ತದೆ, ಆಮೇಲೆ ಮರುಳಸಿದ್ದಮ್ಮ ಬರುವುದಿಲ್ಲ. ನುಂಗಿಕೊಂಡಳು. ವಾರದೊಳಗೆ ಗುರುಬಸವರಾಜನ ದಯೆಯಿಂದ ಹೊಳಲಿನ ಸೊಸೆಯ ಕಥೆ ಬಡಾವಣೆ ತುಂಬಾ ಹರಡಿತು. ಬೀದಿಯ ಹೆಂಗಸರು ಅದನ್ನು ಅವಳಿಗೇ ಹೇಳಿ, “ನಿನ್ ಹೆಸ್ರಿಗೆ ಕೆಟ್ಟ ಹೆಸ್ರು ತಂದಾಳ ನೋಡವಾ” ಎಂದು ಮರುಗಿದರು. ಅಲ್ಲಿಯವರೆಗೆ ಅವಳೊಡನೆ ಮಾತಾಡದಿದ್ದವರು ಮಾತಾಡಿದ್ದೇ ಹಾಗೆ.

ಇನ್ನೊಂದು ಭಾನುವಾರ ಪಾಲಾಕ್ಷಪ್ಪ ಮೋಟಾರ್ ಸೈಕಲ್ಲಿನ ಮೇಲೆ ಒಂದು ಚೀಲ ಹೇರಿಕೊಂಡು ಬಂದು ಮುಂಗೇಟಿನಲ್ಲಿ ನಿಂತ. ಒಳಗೆ ಬರಲಿಲ್ಲ. ಚೀಲವನ್ನು ಗೇಟಿಗೆ ಒರಗಿಸಿದ.

“ನಮ್ ಹೊಲದ ಬಿಳಿಜೋಳವ್ವ. ಹಿಟ್ಟಿಗೆ ಜಿಗಿ ಭಾಳ ಐತಿ. ಎಷ್ಟು ಬಡದ್ರೂ ಹರಿಯಂಗಿಲ್ಲ. ತೆಳ್ಳಗ ಬರ್ತಾವು.”

“ನಮಗ್ಯಾಕ್ರೀ?”

“ಹಂಗ... ನಿಮ್ಮ ರೊಟ್ಟಿ ಒಂಚೂರು ದಪ್ಪ ಅಂತ...”

“ಯಾರಂದ್ರು?”

ಪಾಲಾಕ್ಷಪ್ಪ ಬೀದಿಯತ್ತ ಕಣ್ಣು ಹಾಯಿಸಿದ. ಎದುರು ಮನೆಯವರು ಕಸಬರಿಗೆ ಹಿಡಿದು ನಿಂತಿದ್ದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಅಧ್ಯಕ್ಷನ ತಾಯಿ ಯಾರ ಮನೆಯ ರೊಟ್ಟಿ ತಿನ್ನುತ್ತಾಳೆ ಎಂಬುದನ್ನು ಅವನ ಬಾಯಿಂದಲೇ, ಹಾಡಹಗಲು, ನಡುಬೀದಿಯಲ್ಲಿ ಹೇಳಿಸಬಹುದಿತ್ತು. ಎಷ್ಟು ವರ್ಷದ ಲೆಕ್ಕ ಅಲ್ಲೇ ಚುಕ್ತಾ ಆಗುತ್ತಿತ್ತು. ಶಿವಲೀಲಾ ಆ ಪ್ರಶ್ನೆಯನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಅದರ ರುಚಿ ನೋಡಿದಳು. ಹಿತ್ತಲಲ್ಲಿ ಮುದುಕಿಯರ ನಗು ಕೇಳುತ್ತಿತ್ತು.

“ಹೌದ್ರಿ,” ಎಂದಳು ಗಟ್ಟಿಯಾಗಿ, ಕಸಬರಿಗೆಗಳಿಗೂ ಕೇಳುವಂತೆ. “ನನ್ನ ರೊಟ್ಟಿ ದಪ್ಪ ಆಗ್ತಾವು.”

ಪಾಲಾಕ್ಷಪ್ಪ ಉಸಿರು ಬಿಟ್ಟ. ಗಾಡಿ ತಿರುಗಿಸಿ, ಮತ್ತೆ ನಿಂತ. “ಇನ್ನೊಂದು ಮಾತವ್ವ. ಚಾದಾಗ ಸಕ್ಕರಿ ಹಾಕಬ್ಯಾಡ. ನಿಮ್ ಅತ್ತಿಯವ್ರಿಗೆ ಶುಗರ್ ಐತಲ್ಲ...”

ಪಕ್ಕೀರಮ್ಮನಿಗೆ ಯಾವ ಶುಗರೂ ಇರಲಿಲ್ಲ. ಕಲ್ಲು ತಿಂದು ಕರಗಿಸುವ ಜೀವ ಅದು.

“ಐತ್ರಿ,” ಎಂದಳು ಶಿವಲೀಲಾ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಾಚೆ ಒಂದು ಗುಟುಕಿನ ಸದ್ದು. ಆಮೇಲೆ ಅತ್ತೆಯ ದನಿ.

“ಥೂ! ಸಕ್ಕರೀನೂ ಮುಚ್ಚಿಟ್ಟಾಳ ನೋಡಲೇ ಮರುಳಸಿದ್ದಿ, ನಮ್ ಮನಿ ಮಾರಿ!”

ಶಿವಲೀಲಾ ಅಧ್ಯಕ್ಷರ ಜೋಳದ ಹಿಟ್ಟಿನ ಮುದ್ದೆಯನ್ನು ಎತ್ತಿ ಕಲ್ಲಿಗೆ ಹಾಕಿ, ಅಂಗೈ ಉರಿಯುವಂತೆ ಬಡಿಯತೊಡಗಿದಳು. ಅಂದಿನ ರೊಟ್ಟಿಗಳು ಎಷ್ಟು ತೆಳ್ಳಗಾಗಿದ್ದವೆಂದರೆ, ಮುದುಕಿಯರು ಹೊಟ್ಟೆ ತುಂಬಲಿಲ್ಲವೆಂದು ಇನ್ನೊಂದು ಬುಟ್ಟಿ ಕೇಳಿದರು.